ಎಗಾಸ್ ಮೊನಿಜ್: ಮೆದುಳಿನ ರಕ್ತನಾಳಗಳನ್ನು ಮೊದಲು ಕಂಡ ವೈದ್ಯ

ಆಂಜಿಯೋಗ್ರಾಂ ಎಂಬ ಪದ ಕಿವಿಗೆ ಬಿದ್ದರೆ ನಮಗೆ ಮೊದಲು ನೆನಪಾಗುವುದು ಹೃದಯ. ಎದೆನೋವು, ಬ್ಲಾಕ್, ಸ್ಟೆಂಟ್ ಎಲ್ಲವೂ ಅದರ ಜೊತೆಗೇ ಬರುವ ಮಾತುಗಳು. ಆದರೆ ಹೃದಯದ ರಕ್ತನಾಳದೊಳಗೆ ನೇರವಾಗಿ ಡೈ ಬಿಟ್ಟು ಚಿತ್ರ ತೆಗೆಯುವ ವಿಧಾನ ಬಂದಿದ್ದು 1958ರಲ್ಲಿ. ಅದಕ್ಕೂ ಮೂವತ್ತು ವರ್ಷ ಮೊದಲೇ, 1927ರಲ್ಲಿ, ಬದುಕಿರುವ ಮನುಷ್ಯನ ಮೆದುಳಿನ ರಕ್ತನಾಳಗಳ ಚಿತ್ರ ತೆಗೆದಾಗಿತ್ತು.

ಮೆದುಳಿನ ರಕ್ತನಾಳದ ಗೋಡೆ ಒಂದು ಕಡೆ ತೆಳುವಾಗಿ, ಪುಟ್ಟ ಬಲೂನಿನಂತೆ ಉಬ್ಬಿಕೊಳ್ಳುವುದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಇತ್ತೀಚೆಗೆ ಅದಕ್ಕೆ ತಲೆಬುರುಡೆ ತೆರೆಯದೆಯೇ ‘ಫ್ಲೋ ಡೈವರ್ಟರ್’ ಎಂಬ ಜಾಲರಿ ಕೊಳವೆ ಹಾಕುತ್ತಾರೆ ಎಂದು ನೀವು ಕೇಳಿರಬಹುದು. ಆ ಚಿಕಿತ್ಸೆಯಲ್ಲಿ ವೈದ್ಯರು ಕಣ್ಣಿಟ್ಟು ನೋಡುವ ಪರದೆಯ ಮೇಲೆ ಮೂಡುವುದು ಇದೇ 1927ರ ಚಿತ್ರದ ಮೊಮ್ಮಗ. ಅದನ್ನು ಮೊದಲು ತೆಗೆದವರು ಪೋರ್ಚುಗಲ್‌ನ ನರರೋಗ ತಜ್ಞ ಎಗಾಸ್ ಮೊನಿಜ್.

ಅವರ ಹೆಸರು ಹುಡುಕಿದರೆ ಮಾತ್ರ ಆಂಜಿಯೋಗ್ರಾಂಗಿಂತ ಮೊದಲು ಸಿಗುವುದು ಲೋಬೊಟಮಿ, ಅಂದರೆ ಮಾನಸಿಕ ರೋಗಿಗಳ ಮೆದುಳಿನ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ. ನೊಬೆಲ್ ಬಂದಿದ್ದೂ ಅದಕ್ಕೇ. ಇಂದಿಗೂ ದಿನನಿತ್ಯ ಜೀವ ಉಳಿಸುತ್ತಿರುವ ಕೆಲಸಕ್ಕೆ ಬಾರದ ನೊಬೆಲ್, ವೈದ್ಯಲೋಕ ಕೈಬಿಟ್ಟ ಕೆಲಸಕ್ಕೆ ಬಂತು. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಅವರ ಬದುಕನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ರಾಜಕಾರಣಿಯಾಗಿದ್ದ ವೈದ್ಯ

ಮೊನಿಜ್ ಹುಟ್ಟಿದ್ದು 1874ರ ನವೆಂಬರ್ 29ರಂದು, ಪೋರ್ಚುಗಲ್‌ನ ಅವಾಂಕಾ ಎಂಬ ಊರಿನಲ್ಲಿ. ಮನೆತನದ ಹೆಸರು ಬೇರೆ. ಎಗಾಸ್ ಮೊನಿಜ್ ಎಂಬುದು ಹನ್ನೆರಡನೇ ಶತಮಾನದ ಒಬ್ಬ ಪೋರ್ಚುಗೀಸ್ ವೀರನ ಹೆಸರು. ಪಾದ್ರಿಯಾಗಿದ್ದ ಸಂಬಂಧಿಯೊಬ್ಬರು ಮಗುವಿಗೆ ಅದನ್ನು ಸೇರಿಸಿದರು, ಕೊನೆಗೆ ಅದೇ ನಿಂತಿತು. (ಪೋರ್ಚುಗೀಸರ ಬಾಯಲ್ಲಿ ಮೊನಿಜ್ ಎನ್ನುವುದು ಹೆಚ್ಚುಕಡಿಮೆ ‘ಮುನೀಶ್’ ಎಂದೇ ಕೇಳಿಸುತ್ತದೆ.)

ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದರು. ಆಮೇಲೆ ಫ್ರಾನ್ಸಿನ ಬೋರ್ಡೊ ಮತ್ತು ಪ್ಯಾರಿಸ್‌ಗಳಲ್ಲಿ ಆ ಕಾಲದ ಹೆಸರಾಂತ ನರರೋಗ ತಜ್ಞರ ಬಳಿ ಕಲಿತರು. 1911ರಲ್ಲಿ ಲಿಸ್ಬನ್ ವಿಶ್ವವಿದ್ಯಾಲಯದಲ್ಲಿ ನರರೋಗ ವಿಭಾಗದ ಪ್ರಾಧ್ಯಾಪಕರಾದರು. ಇಷ್ಟು ಕೇಳಿದರೆ ನೇರವಾದ ವೈದ್ಯ ಬದುಕು ಅನ್ನಿಸುತ್ತದೆ. ಆದರೆ ಇದೇ ವರ್ಷಗಳಲ್ಲಿ ಅವರು ಪೂರ್ಣಾವಧಿ ರಾಜಕಾರಣಿಯೂ ಹೌದು. ಸಂಸತ್ ಸದಸ್ಯರಾಗಿದ್ದರು, ರಾಜಕೀಯ ಕಾರಣಕ್ಕೆ ಜೈಲನ್ನೂ ಕಂಡಿದ್ದರು, 1917ರಲ್ಲಿ ಸ್ಪೇನ್‌ಗೆ ರಾಯಭಾರಿಯಾಗಿ ಹೋದರು, 1918ರಲ್ಲಿ ವಿದೇಶಾಂಗ ಸಚಿವರಾದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್‌ನಲ್ಲಿ ನಡೆದ ಶಾಂತಿ ಸಮ್ಮೇಳನಕ್ಕೆ ಪೋರ್ಚುಗಲ್ ನಿಯೋಗದ ನಾಯಕರಾಗಿ ಹೋದವರೂ ಇವರೇ. ಸರ್ಕಾರ ಬದಲಾಯಿತು, ರಾಜಕೀಯ ಮುಗಿಯಿತು.

ಹಾಗಾಗಿ ಸಂಶೋಧನೆಗೆ ನಿಜವಾಗಿ ಕೈಹಾಕಿದಾಗ ಅವರಿಗೆ ಐವತ್ತು ದಾಟಿತ್ತು. ಇನ್ನೊಂದು ತೊಡಕೂ ಇತ್ತು. ಚಿಕ್ಕ ವಯಸ್ಸಿನಲ್ಲೇ ಶುರುವಾದ ಗೌಟ್ ಅವರ ಕೈಬೆರಳುಗಳನ್ನು ಸೊಟ್ಟಗಾಗಿಸಿತ್ತು. ಸೂಕ್ಷ್ಮವಾದ ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆ ಅವರ ಕೈಲಾಗುತ್ತಿರಲಿಲ್ಲ. ಆ ಕೆಲಸಗಳನ್ನು ಅವರಿಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವರಾದ ಪೆದ್ರೊ ಅಲ್ಮೇಡಾ ಲಿಮಾ ಮಾಡುತ್ತಿದ್ದರು. ಮೊನಿಜ್ ಹೆಸರಿನಲ್ಲಿರುವ ಎರಡೂ ಸಾಧನೆಗಳಲ್ಲಿ ಕೈ ಲಿಮಾ ಅವರದು. ಹೆಸರು ಮಾತ್ರ ಒಬ್ಬರದೇ ಉಳಿಯಿತು.

ತಲೆಬುರುಡೆಯೊಳಗೆ ನೋಡುವುದು ಹೇಗೆ?

1920ರ ದಶಕದ ಹೊತ್ತಿಗೆ ಎಕ್ಸ್‌ರೇ ಹಳೆಯದಾಗಿತ್ತು. ಆದರೆ ತಲೆಯ ಎಕ್ಸ್‌ರೇ ತೆಗೆದರೆ ಬುರುಡೆ ಕಾಣುತ್ತದೆ, ಒಳಗಿನ ಮೆದುಳು ಕಾಣುವುದಿಲ್ಲ. ಮೆದುಳಿನ ಗೆಡ್ಡೆ ಎಲ್ಲಿದೆ ಎಂದು ರೋಗಿಯ ಲಕ್ಷಣ ನೋಡಿ ಊಹಿಸಬೇಕಿತ್ತು. ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರಚಿಕಿತ್ಸಕರು 1918ರಲ್ಲಿ ಒಂದು ದಾರಿ ಕಂಡುಕೊಂಡಿದ್ದರು: ಮೆದುಳಿನೊಳಗಿನ ಕುಹರಗಳಿಗೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುವುದು. ಉಪಯೋಗವಾಗುತ್ತಿತ್ತು, ಆದರೆ ರೋಗಿಗೆ ಬಲು ಹಿಂಸೆ, ಅಪಾಯವೂ ಇತ್ತು.

ಮೊನಿಜ್ ಯೋಚಿಸಿದ್ದು ಬೇರೆ. ಗಾಳಿಯ ಬದಲು ರಕ್ತನಾಳಗಳೊಳಗೇ ಎಕ್ಸ್‌ರೇಗೆ ಕಾಣುವ ದ್ರವ ಬಿಟ್ಟರೆ? ಗೆಡ್ಡೆ ಇರುವ ಕಡೆ ನಾಳಗಳು ಪಕ್ಕಕ್ಕೆ ಸರಿದಿರುತ್ತವೆ, ಅದರಿಂದ ಜಾಗ ಗೊತ್ತಾಗುತ್ತದೆ. ಕೈಕಾಲಿನ ನಾಳಗಳಲ್ಲಿ ಇಂಥ ಪ್ರಯತ್ನ ಆಗಲೇ ಬೇರೆಯವರಿಂದ ನಡೆದಿತ್ತು. ಮೆದುಳಿಗೆ ಹೋಗುವ ನಾಳದಲ್ಲಿ ಅದನ್ನು ಮಾಡಲು ಯಾರೂ ಧೈರ್ಯ ಮಾಡಿರಲಿಲ್ಲ. ಒಂದು ಹನಿ ಹೆಪ್ಪುಗಟ್ಟಿದರೂ ಪಾರ್ಶ್ವವಾಯು ಗ್ಯಾರಂಟಿ.

ಮೊದಲು ನಾಯಿಗಳ ಮೇಲೆ, ಆಮೇಲೆ ಶವಗಳ ತಲೆಗಳ ಮೇಲೆ ಪ್ರಯೋಗ ನಡೆಯಿತು. ಆ ತಲೆಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಾರಿನಲ್ಲಿ ಸಾಗಿಸಬೇಕಿತ್ತು. ದಾರಿಯಲ್ಲಿ ಅಪಘಾತವಾಗಿ ಗಂಟು ಬಿಚ್ಚಿಕೊಂಡರೆ ಗತಿಯೇನು ಎಂಬ ಭಯ ಮಾಜಿ ವಿದೇಶಾಂಗ ಸಚಿವರಿಗಿತ್ತು!

ಮನುಷ್ಯರಲ್ಲಿ ಮೊದಲು ಬಳಸಿದ್ದು ಸ್ಟ್ರಾನ್ಷಿಯಂ ಬ್ರೋಮೈಡ್. ಆರಂಭದ ಕೆಲವು ರೋಗಿಗಳಲ್ಲಿ ಚಿತ್ರವೇ ಸರಿಯಾಗಿ ಬರಲಿಲ್ಲ. ಪಾರ್ಕಿನ್ಸನ್ ಲಕ್ಷಣಗಳಿದ್ದ ಒಬ್ಬ ರೋಗಿಯ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅವರು ತೀರಿಕೊಂಡರು. ಮೊನಿಜ್ ಪ್ರಯೋಗ ನಿಲ್ಲಿಸಿ, ದ್ರವವನ್ನೇ ಬದಲಿಸಿದರು. ಇಲ್ಲಿ ಒಂದು ಸಣ್ಣ ರಸಾಯನಶಾಸ್ತ್ರ ಇದೆ. ಪರಮಾಣು ಭಾರವಾದಷ್ಟೂ ಎಕ್ಸ್‌ರೇಯನ್ನು ಹೆಚ್ಚು ತಡೆಯುತ್ತದೆ. ಬ್ರೋಮಿನ್‌ಗಿಂತ ಅಯೋಡಿನ್ ಭಾರ, ಹಾಗಾಗಿ ಕಡಿಮೆ ಸಾಂದ್ರತೆಯ ದ್ರವದಲ್ಲೇ ಗಾಢ ನೆರಳು ಸಿಗುತ್ತದೆ. ಅವರು ಆಯ್ದುಕೊಂಡಿದ್ದು ಸುಮಾರು ಶೇ 25ರ ಸೋಡಿಯಂ ಅಯೋಡೈಡ್. ಇಂದು ಆಂಜಿಯೋಗ್ರಾಂಗೆ ಹಾಕುವ ಡೈ ಎಷ್ಟೋ ಸುರಕ್ಷಿತ, ಆದರೆ ಅದರ ಜೀವಾಳ ಈಗಲೂ ಅಯೋಡಿನ್ನೇ.

1927ರ ಜೂನ್ 28ರಂದು, ಪಿಟ್ಯುಟರಿ ಗ್ರಂಥಿಯ ಗೆಡ್ಡೆಯಿದ್ದ ಇಪ್ಪತ್ತು ವರ್ಷದ ಯುವಕನ ಕುತ್ತಿಗೆಯ ಕೆರೋಟಿಡ್ ನಾಳವನ್ನು ತೆರೆದು ಲಿಮಾ ದ್ರವ ಬಿಟ್ಟರು. ಫಿಲ್ಮ್ ತೊಳೆದಾಗ ಬುರುಡೆಯ ನೆರಳಿನೊಳಗೆ ಮರದ ಕೊಂಬೆಗಳಂತೆ ರಕ್ತನಾಳಗಳು ಮೂಡಿದ್ದವು, ಗೆಡ್ಡೆಯಿಂದ ಪಕ್ಕಕ್ಕೆ ಸರಿದಿದ್ದವು. ಹತ್ತೇ ದಿನದೊಳಗೆ ಮೊನಿಜ್ ಪ್ಯಾರಿಸ್‌ನ ನರವಿಜ್ಞಾನ ಸಂಘದಲ್ಲಿ ಚಿತ್ರವನ್ನು ಮುಂದಿಟ್ಟರು.

ಆ ಆತುರ ಗಮನಿಸಿ. ಮುಂದೆ ಅದು ಮತ್ತೆ ಬರುತ್ತದೆ. ಆದರೆ ಈ ಸಲ ಅದರಿಂದ ತೊಂದರೆಯಾಗಲಿಲ್ಲ. ಫಿಲ್ಮ್ ಮೇಜಿನ ಮೇಲಿದೆ, ನಾಳ ಕಾಣುತ್ತದೆಯೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಬಹುದು. ಮೊನಿಜ್ ಅವರ ಮಾತನ್ನು ನಂಬಬೇಕಾದ ಅಗತ್ಯವೇ ಇರಲಿಲ್ಲ.

ಎಡವಿದ್ದೂ ಇದೆ. 1931ರಿಂದ ಅವರ ತಂಡ ಥೊರೊಟ್ರಾಸ್ಟ್ ಎಂಬ ದ್ರವವನ್ನು ಬಳಸತೊಡಗಿತು. ಚಿತ್ರ ಅದ್ಭುತವಾಗಿ ಬರುತ್ತಿತ್ತು, ರೋಗಿಗೆ ನೋವೂ ಇರಲಿಲ್ಲ. ಜಗತ್ತಿನ ಎಷ್ಟೋ ಆಸ್ಪತ್ರೆಗಳು ಅದನ್ನೇ ಹಿಡಿದವು. ಆದರೆ ಅದರಲ್ಲಿದ್ದದ್ದು ಥೋರಿಯಂ, ವಿಕಿರಣ ಸೂಸುವ ಲೋಹ. ಅದು ದೇಹದಿಂದ ಹೊರಹೋಗದೆ ಯಕೃತ್ತಿನಲ್ಲಿ ಕೂರುತ್ತದೆ. ದಶಕಗಳ ನಂತರ ಹಲವರಲ್ಲಿ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಂಡಿತು.

ಉಬ್ಬು ಕಂಡ ಮೇಲೆ

ಮೊನಿಜ್ ಹುಡುಕುತ್ತಿದ್ದದ್ದು ಗೆಡ್ಡೆಗಳನ್ನು. ಆದರೆ ನಾಳವೇ ಕಾಣತೊಡಗಿದ ಮೇಲೆ ನಾಳದ ಕಾಯಿಲೆಯೂ ಕಾಣಲೇಬೇಕಲ್ಲ. 1933ರಲ್ಲಿ ಅವರು ಮೆದುಳಿನ ಅನ್ಯೂರಿಸಂ ಒಂದನ್ನು ಆಂಜಿಯೋಗ್ರಾಂನಲ್ಲಿ ತೋರಿಸಿದರು. ಅದಕ್ಕೂ ಮೊದಲು ಅನ್ಯೂರಿಸಂ ಖಚಿತವಾಗುತ್ತಿದ್ದದ್ದು ಸಾಮಾನ್ಯವಾಗಿ ಮರಣೋತ್ತರ ಪರೀಕ್ಷೆಯಲ್ಲಿ, ಇಲ್ಲವೇ ಬೇರೇನಕ್ಕೋ ತಲೆ ತೆರೆದಾಗ.

ಇವತ್ತಿನ ಅಂದಾಜಿನಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇಂಥ ಉಬ್ಬು ಇರಬಹುದು. ಗಾಬರಿಯಾಗಬೇಡಿ, ಹೆಚ್ಚಿನವು ಜೀವಮಾನದಲ್ಲಿ ಒಡೆಯುವುದೇ ಇಲ್ಲ, ಲಕ್ಷಣವನ್ನೂ ತೋರುವುದಿಲ್ಲ. ಒಡೆದರೆ ಮಾತ್ರ ಕಥೆ ಬೇರೆ. ಹಿಂದೆಂದೂ ಕಾಣದಂಥ ತಲೆನೋವು ಸಿಡಿಲು ಬಡಿದಂತೆ ಒಮ್ಮೆಲೇ ಬಂದರೆ ಮಾತ್ರೆ ನುಂಗಿ ಮಲಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕಂಡದ್ದನ್ನು ಸರಿಪಡಿಸುವ ಕೆಲಸ ಬೇರೆಯವರದು. ಗಾಳಿ ತುಂಬುವ ವಿಧಾನದ ಡ್ಯಾಂಡಿಯವರೇ 1937ರಲ್ಲಿ ಬುರುಡೆ ತೆರೆದು, ಉಬ್ಬಿನ ಕತ್ತಿಗೆ ಪುಟ್ಟ ಬೆಳ್ಳಿಯ ಕ್ಲಿಪ್ ಹಾಕಿದರು. 1953ರಲ್ಲಿ ಸ್ವೀಡನ್‌ನ ಸೆಲ್ಡಿಂಗರ್, ಕುತ್ತಿಗೆ ಕೊಯ್ಯದೆ ಸೂಜಿ ಮತ್ತು ತಂತಿಯ ಸಹಾಯದಿಂದ ರಕ್ತನಾಳದೊಳಗೆ ಕೊಳವೆ ತೂರಿಸುವ ವಿಧಾನ ತೋರಿಸಿದರು. 1970ರ ದಶಕದಲ್ಲಿ ಮಾಸ್ಕೋದ ಸೆರ್ಬಿನೆಂಕೊ ಆ ದಾರಿಯಲ್ಲೇ ಪುಟ್ಟ ಬಲೂನುಗಳನ್ನು ಮೆದುಳಿನವರೆಗೆ ಕಳಿಸಿದರು. 1990ರ ಹೊತ್ತಿಗೆ ಇಟಲಿಯ ಗುಗ್ಲಿಯೆಲ್ಮಿ ಅವರ ಮೃದುವಾದ ಪ್ಲಾಟಿನಂ ಸುರುಳಿಗಳು ಬಂದವು. ಇವೆಲ್ಲ ಉಬ್ಬಿನ ಬಾಯಿ ಬಿಗಿಯುವ ಇಲ್ಲವೇ ಅದರೊಳಗೆ ತುಂಬುವ ಉಪಾಯಗಳು. ಬಾಯಿ ಅಗಲವಾಗಿದ್ದರೆ ಸುರುಳಿ ಒಳಗೆ ನಿಲ್ಲುವುದೇ ಕಷ್ಟ.

ಫ್ಲೋ ಡೈವರ್ಟರ್ ಉಬ್ಬನ್ನು ಮುಟ್ಟುವುದೇ ಇಲ್ಲ. ಹರಿಯುವ ಕಾಲುವೆಯ ಪಕ್ಕ ದಂಡೆ ಕೊರೆದು ಒಂದು ಹೊಂಡವಾಗಿದೆ ಅಂದುಕೊಳ್ಳಿ. ಕಾಲುವೆಯ ನೀರು ಸುಳಿಯಾಗಿ ಒಳನುಗ್ಗಿ ಹೊಂಡವನ್ನು ಇನ್ನಷ್ಟು ಕೊರೆಯುತ್ತದೆ. ಹೊಂಡಕ್ಕೆ ಮಣ್ಣು ತುಂಬುವ ಬದಲು ಅದರ ಬಾಯಿಗೆ ಅಡ್ಡಲಾಗಿ ಒತ್ತಾದ ಬಿದಿರು ತಟ್ಟಿ ನಿಲ್ಲಿಸಿದರೆ ನೀರು ಬಹುಪಾಲು ನೇರವಾಗಿ ಹೋಗುತ್ತದೆ, ಹೊಂಡದ ನೀರು ನಿಂತ ನೀರಾಗುತ್ತದೆ. ರಕ್ತ ನಿಂತರೆ ಹೆಪ್ಪುಗಟ್ಟುತ್ತದೆ. ತಿಂಗಳುಗಳು ಕಳೆದಂತೆ ರಕ್ತನಾಳದ ಒಳಪದರದ ಜೀವಕೋಶಗಳು ಜಾಲರಿಯ ಮೇಲೆ ಬೆಳೆದು ಹೊಸ ಗೋಡೆಯನ್ನೇ ಕಟ್ಟುತ್ತವೆ. ಕೊನೆಗೆ ವಾಸಿ ಮಾಡುವುದು ದೇಹವೇ.

ಅಮೆರಿಕದಲ್ಲಿ 2011ರಲ್ಲಿ ಅನುಮತಿ ಪಡೆದ ಪೈಪ್‌ಲೈನ್ ಎಂಬ ಸಾಧನವನ್ನೇ ತೆಗೆದುಕೊಳ್ಳಿ. ಕೂದಲಿಗಿಂತ ತೆಳುವಾದ 48 ತಂತಿಗಳನ್ನು ಹೆಣೆದ ಕೊಳವೆ ಅದು. ಕೋಬಾಲ್ಟ್-ಕ್ರೋಮಿಯಂ ತಂತಿಗಳ ನಡುವೆ ಎಕ್ಸ್‌ರೇಯಲ್ಲಿ ಎದ್ದು ಕಾಣಲೆಂದು ಪ್ಲಾಟಿನಂ ತಂತಿಗಳೂ ಇರುತ್ತವೆ. ನಾಳದ ಗೋಡೆಯ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಲೋಹ ಮುಚ್ಚುತ್ತದೆ. ಹಾಗಾದರೆ ಪಕ್ಕದ ಸಣ್ಣ ನಾಳಗಳೂ ಮುಚ್ಚಿಹೋಗುವುದಿಲ್ಲವೇ? ಸಾಮಾನ್ಯವಾಗಿ ಇಲ್ಲ. ಸಣ್ಣ ನಾಳದ ಆಚೆ ತುದಿಯಲ್ಲಿ ರಕ್ತಕ್ಕಾಗಿ ಕಾಯುವ ಅಂಗಾಂಶವಿದೆ, ಒತ್ತಡದ ವ್ಯತ್ಯಾಸ ರಕ್ತವನ್ನು ಜಾಲರಿಯ ಕಿಂಡಿಗಳ ಮೂಲಕ ಎಳೆದುಕೊಳ್ಳುತ್ತದೆ. ಉಬ್ಬಿಗೆ ಆಚೆ ತುದಿಯೇ ಇಲ್ಲ.

ಅನುಮತಿಗೆ ಆಧಾರವಾದ ಅಧ್ಯಯನದಲ್ಲಿ ದೊಡ್ಡ, ಅಗಲ ಬಾಯಿಯ ಉಬ್ಬುಗಳಿದ್ದ 108 ಮಂದಿ ಇದ್ದರು. ಆರು ತಿಂಗಳ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಉಬ್ಬುಗಳು ಪೂರ್ತಿ ಮುಚ್ಚಿದ್ದವು, ವರ್ಷಗಳು ಕಳೆದಂತೆ ಆ ಪ್ರಮಾಣ ಇನ್ನೂ ಏರಿತು. ಅದೇ ಅಧ್ಯಯನದಲ್ಲಿ ನೂರಕ್ಕೆ ಐದಾರು ಮಂದಿಗೆ ತೀವ್ರ ಪಾರ್ಶ್ವವಾಯು ಅಥವಾ ಸಾವು ಸಂಭವಿಸಿತು. ಜಾಲರಿಯ ಮೇಲೆ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್‌ನಂಥ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕು. ರಕ್ತ ತೆಳುವಾಗಿಸುವ ಈ ಮಾತ್ರೆಗಳಿಂದಾಗಿಯೇ ಆಗಷ್ಟೇ ಒಡೆದ ಉಬ್ಬಿಗೆ ಸಾಮಾನ್ಯವಾಗಿ ಇದು ಮೊದಲ ಆಯ್ಕೆಯಲ್ಲ. ಯಾರಿಗೆ ಕ್ಲಿಪ್, ಯಾರಿಗೆ ಸುರುಳಿ, ಯಾರಿಗೆ ಜಾಲರಿ, ಯಾರಿಗೆ ಸುಮ್ಮನೆ ಗಮನಿಸುತ್ತಾ ಇರುವುದು ಸಾಕು ಎಂಬುದನ್ನು ಆಂಜಿಯೋಗ್ರಾಂ ಮುಂದಿಟ್ಟುಕೊಂಡೇ ವೈದ್ಯರು ತೀರ್ಮಾನಿಸುತ್ತಾರೆ. ಜಾಲರಿ ಹಾಕಿ ತಿಂಗಳುಗಳಾದ ಮೇಲೆ ಮತ್ತೊಮ್ಮೆ ಆಂಜಿಯೋಗ್ರಾಂ ಮಾಡಿ, ಉಬ್ಬಿನೊಳಗೆ ಡೈ ಹೋಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ.

ಅದೇ ವೈದ್ಯ, ಅದೇ ಆತುರ

ಆಂಜಿಯೋಗ್ರಾಂಗಾಗಿ ಮೊನಿಜ್ ಹೆಸರು ನೊಬೆಲ್‌ಗೆ ಒಂದಕ್ಕಿಂತ ಹೆಚ್ಚು ಸಲ ಸೂಚಿತವಾಗಿತ್ತು. ಬರಲಿಲ್ಲ. 1935ರ ಆಗಸ್ಟ್‌ನಲ್ಲಿ ಲಂಡನ್‌ನ ಸಮ್ಮೇಳನವೊಂದರಲ್ಲಿ, ಮೆದುಳಿನ ಮುಂಭಾಗಕ್ಕೆ ಶಸ್ತ್ರಚಿಕಿತ್ಸೆಯಾದ ಚಿಂಪಾಂಜಿಗಳ ವರ್ತನೆ ಬದಲಾದ ಬಗ್ಗೆ ಅಮೆರಿಕದ ವಿಜ್ಞಾನಿಗಳು ಮಾತಾಡಿದರು. ಮೊನಿಜ್ ಅಲ್ಲಿದ್ದರು. ಮಾನಸಿಕ ರೋಗಿಗಳ ಮನಸ್ಸಿನಲ್ಲಿ ಕೆಲವು ಯೋಚನೆಗಳು ಬೇರುಬಿಡಲು ನರತಂತುಗಳ ಗಟ್ಟಿಯಾದ ಜೋಡಣೆಯೇ ಕಾರಣ, ಅದನ್ನು ಕತ್ತರಿಸಿದರೆ ಗುಣವಾಗುತ್ತದೆ ಎಂಬುದು ಅವರ ಊಹೆ. ಅದನ್ನು ಬೆಂಬಲಿಸುವ ಸಾಕ್ಷ್ಯ ತೀರಾ ತೆಳುವಾಗಿತ್ತು.

ಮೂರೇ ತಿಂಗಳಲ್ಲಿ, ನವೆಂಬರ್ 12ರಂದು, ಲಿಮಾ ಮೊದಲ ರೋಗಿಯ ಬುರುಡೆಗೆ ರಂಧ್ರ ಕೊರೆದು ಮೆದುಳಿನ ಮುಂಭಾಗಕ್ಕೆ ಆಲ್ಕೋಹಾಲ್ ಚುಚ್ಚಿದರು. ಮುಂದಿನ ರೋಗಿಗಳಿಗೆ ತಂತಿಯ ಕುಣಿಕೆಯಿರುವ ಉಪಕರಣ ಬಂತು. ಇದಕ್ಕೆ ಮೊನಿಜ್ ಇಟ್ಟ ಹೆಸರು ಲ್ಯೂಕಾಟಮಿ. 1936ರ ಮೊದಲ ತಿಂಗಳುಗಳಲ್ಲೇ 20 ರೋಗಿಗಳ ವರದಿ ಸಿದ್ಧ: 7 ಮಂದಿ ಗುಣ, 7 ಮಂದಿ ಸುಧಾರಣೆ, 6 ಮಂದಿಯಲ್ಲಿ ಬದಲಾವಣೆ ಇಲ್ಲ.

ಈ ಸಲ ಮೇಜಿನ ಮೇಲೆ ಫಿಲ್ಮ್ ಇರಲಿಲ್ಲ. ಗುಣವಾಯಿತು ಎಂದು ಹೇಳಿದವರು ಶಸ್ತ್ರಚಿಕಿತ್ಸೆ ಮಾಡಿಸಿದವರೇ. ರೋಗಿಗಳನ್ನು ಗಮನಿಸಿದ್ದು ಕೆಲವು ದಿನ, ಕೆಲವು ವಾರ. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪೂ ಇರಲಿಲ್ಲ. ಮೊದಲಿಗೆ ರೋಗಿಗಳನ್ನು ಕಳಿಸಿಕೊಟ್ಟ ಲಿಸ್ಬನ್‌ನ ಮನೋವೈದ್ಯ ಸೊಬ್ರಾಲ್ ಸಿದ್, ಹಿಂತಿರುಗಿ ಬಂದವರ ವ್ಯಕ್ತಿತ್ವವೇ ಕುಗ್ಗಿಹೋಗಿರುವುದನ್ನು ಕಂಡು ಇನ್ನು ಕಳಿಸುವುದಿಲ್ಲ ಎಂದರು. ಒಬ್ಬರಾದರೂ ಹಾಗೆ ಹೇಳಿದ್ದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಹೇಳಿ ಈ ಅಧ್ಯಾಯವನ್ನು ಮುಚ್ಚಿಬಿಡಲು ಅದರಿಂದಾಗಿ ಆಗುವುದಿಲ್ಲ.

ಇನ್ನೊಂದು ಪಕ್ಕವೂ ಇದೆ. ಆಗ ತೀವ್ರ ಮಾನಸಿಕ ಕಾಯಿಲೆಗೆ ಔಷಧವೇ ಇರಲಿಲ್ಲ. ಜನ ವರ್ಷಗಟ್ಟಲೆ ಆಸ್ಪತ್ರೆಯ ಗೋಡೆಗಳೊಳಗೆ ಕೊಳೆಯುತ್ತಿದ್ದರು. ಹೊಸ ದಾರಿ ಎಂದರೆ ವೈದ್ಯರು, ಮನೆಯವರು ಮುಗಿಬೀಳುತ್ತಿದ್ದರು. ಅಮೆರಿಕದ ವಾಲ್ಟರ್ ಫ್ರೀಮನ್ ಇದಕ್ಕೆ ಲೋಬೊಟಮಿ ಎಂದು ಹೆಸರಿಟ್ಟು, 1946ರಿಂದ ಕಣ್ಣಿನ ಮೇಲ್ಭಾಗದ ಎಲುಬಿನ ಮೂಲಕ ಸಲಾಕೆ ತೂರಿಸುವ ವಿಧಾನ ಶುರುಮಾಡಿದರು. ಜನರ ಮನಸ್ಸಿನಲ್ಲಿರುವ ಭಯಾನಕ ಚಿತ್ರ ಹೆಚ್ಚಾಗಿ ಫ್ರೀಮನ್ ಅವರದು, ಮೊನಿಜ್ ಅವರದಲ್ಲ. ಬೆಂಗಳೂರಿಗೂ ಇದು ಬಂದಿತ್ತು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಡಾ. ಎಂ.ವಿ. ಗೋವಿಂದಸ್ವಾಮಿ ಅವರು 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಭಾರತೀಯ ರೋಗಿಗಳಲ್ಲಿ ಮಾಡಿದ ಲ್ಯೂಕಾಟಮಿ ಬಗ್ಗೆ ಸಹವೈದ್ಯರೊಂದಿಗೆ ಬರೆದರು. ಆ ಆಸ್ಪತ್ರೆಯೇ ಮುಂದೆ ನಿಮ್ಹಾನ್ಸ್ ಆಯಿತು. ಇಂದು ಅಲ್ಲಿ ಮೆದುಳಿನ ಆಂಜಿಯೋಗ್ರಾಂ ನಿತ್ಯದ ಕೆಲಸ.

1949ರಲ್ಲಿ ಮೊನಿಜ್ ಅವರಿಗೆ ಸ್ವಿಟ್ಜರ್ಲೆಂಡ್‌ನ ವಾಲ್ಟರ್ ಹೆಸ್ ಜೊತೆ ನೊಬೆಲ್ ಹಂಚಿ ಬಂತು. ಮರುವರ್ಷವೇ ಸೋವಿಯತ್ ಒಕ್ಕೂಟ ಈ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸಿತು. 1952ರಿಂದ ಕ್ಲೋರ್‌ಪ್ರೊಮಝೀನ್ ಎಂಬ ಮಾತ್ರೆ ಬಳಕೆಗೆ ಬಂದು ಲೋಬೊಟಮಿ ಹಿಂದೆ ಸರಿಯಿತು. ಪ್ರಶಸ್ತಿಯನ್ನು ವಾಪಸು ಪಡೆಯಬೇಕೆಂದು ರೋಗಿಗಳ ಕುಟುಂಬದವರು ಒತ್ತಾಯಿಸಿದ್ದುಂಟು. ನೊಬೆಲ್ ನಿಯಮಗಳಲ್ಲಿ ಅದಕ್ಕೆ ಅವಕಾಶವಿಲ್ಲ.

ಗುಂಡು ಹೊಡೆದದ್ದು ಯಾರು?

ಮೊನಿಜ್ ಬಗ್ಗೆ ಎಲ್ಲೆಡೆ ಓಡಾಡುವ ಕಥೆಯೊಂದಿದೆ. ಲೋಬೊಟಮಿ ಮಾಡಿಸಿಕೊಂಡ ರೋಗಿಯೇ ಸೇಡಿಗಾಗಿ ಅವರಿಗೆ ಗುಂಡಿಕ್ಕಿದ, ಅವರು ಉಳಿದ ಬದುಕನ್ನು ಗಾಲಿಕುರ್ಚಿಯಲ್ಲಿ ಕಳೆದರು ಎಂದು. ಸಂವಹನ ಓದಿದ ನನಗೆ ಇಂಥ ಕಥೆ ಯಾಕೆ ಇಷ್ಟು ಚೆನ್ನಾಗಿ ಓಡುತ್ತದೆ ಎಂದು ಅರ್ಥವಾಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ನಮ್ಮ ಮಾತಿಗೆ ಅದು ಸರಿಯಾಗಿ ಕೂರುತ್ತದೆ.

ಗುಂಡು ಹಾರಿದ್ದು ನಿಜ. 1939ರ ಮಾರ್ಚ್‌ನಲ್ಲಿ, ಅವರ ಕ್ಲಿನಿಕ್‌ನಲ್ಲೇ, ಒಬ್ಬ ರೋಗಿ ಅವರ ಮೇಲೆ ಹಲವು ಗುಂಡು ಹಾರಿಸಿದ. ಆದರೆ ಆತನಿಗೆ ಲ್ಯೂಕಾಟಮಿ ಆಗಿರಲಿಲ್ಲ. 64 ವರ್ಷದ ಮೊನಿಜ್ ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. ಅವರ ಕೈಕಾಲುಗಳನ್ನು ಬಹುಕಾಲದಿಂದ ಕಾಡಿದ್ದು ಗುಂಡಲ್ಲ, ಗೌಟ್.

ಆಮೇಲೂ ಅವರು ಬರೆಯುತ್ತಲೇ ಇದ್ದರು. ಇಸ್ಪೀಟಿನ ಇತಿಹಾಸದ ಬಗ್ಗೆಯೂ ಒಂದು ಪುಸ್ತಕ ಬರೆದರು. ಆ ಆಟದ ಹುಚ್ಚು ಅವರಿಗೆ ಬಹಳ. 1955ರ ಡಿಸೆಂಬರ್ 13ರಂದು ಲಿಸ್ಬನ್‌ನಲ್ಲಿ ತೀರಿಕೊಂಡಾಗ ವಯಸ್ಸು 81. ಪೋರ್ಚುಗಲ್ ಅವರ ಚಿತ್ರವನ್ನು 10,000 ಎಸ್ಕುಡೊ ನೋಟಿನ ಮೇಲೆ ಮುದ್ರಿಸಿತ್ತು. ಯೂರೋ ಬಂದ ಮೇಲೆ ಆ ನೋಟು ಹೋಯಿತು. ಅವಾಂಕಾದ ಅವರ ಮನೆ ಈಗ ವಸ್ತುಸಂಗ್ರಹಾಲಯ.